ಬರೀ ಗ್ಯಾಸ್ ಅಲ್ಲ

ಮಲದಲ್ಲಿ ರಕ್ತ ಬರುತ್ತಿದ್ದುದನ್ನು ದರ್ಜಿ ನಾಲ್ಕು ತಿಂಗಳು ಮುಚ್ಚಿಟ್ಟ. ಮೂಲವ್ಯಾಧಿ ಇರಬೇಕು ಎಂದುಕೊಂಡ. ಕೊನೆಗೆ ಹೆಂಡತಿ ಬೈದು ಆಸ್ಪತ್ರೆಗೆ ಎಳೆದೊಯ್ದಳು. ಅಲ್ಲಿ ಕೊಲೊನೋಸ್ಕೋಪಿ ಮಾಡಿದರು. ಅಂದರೆ, ತುದಿಯಲ್ಲಿ ಕ್ಯಾಮೆರಾ ಇರುವ ಬಳುಕುವ ಕೊಳವೆಯನ್ನು ಗುದದ್ವಾರದಿಂದ ಬಿಟ್ಟು ದೊಡ್ಡ ಕರುಳನ್ನು ನೋಡಿದರು. ಒಂದು ಗಂಟು ಸಿಕ್ಕಿತು, ಕತ್ತರಿಸಿ ತೆಗೆದರು. "ಒಳಗೆ ಗಾಳಿ ತುಂಬಿಸಿದ್ವಿ, ಸ್ವಲ್ಪ ಗ್ಯಾಸ್ ಇರತ್ತೆ" ಎಂದು ಹೇಳಿ, ಒಂದು ಚೀಟಿ ಕೊಟ್ಟು ಕಳಿಸಿದರು.

ಮರುದಿನ ಹೊಟ್ಟೆನೋವು ಶುರುವಾಯಿತು. ಮಧ್ಯಾಹ್ನದ ಹೊತ್ತಿಗೆ ಅವನು ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟಿದ್ದ.

"ಆಸ್ಪತ್ರೆಗೆ ಹೋಗೋಣ ನಡೀರಿ" ಎಂದಳು ಹೆಂಡತಿ.

"ಗ್ಯಾಸ್ ಕಣೇ. ಅವರೇ ಹೇಳಿದಾರಲ್ಲ."

"ಸೋಡಾ ಕುಡಿ. ಒಂದು ತೇಗು ಬಂದ್ರೆ ಸರಿಹೋಗತ್ತೆ" ಎಂದ ಪಕ್ಕದಲ್ಲಿದ್ದ ದರ್ಜಿಯ ಅಣ್ಣ.

ಸೋಡಾ ಕುಡಿದ. ತೇಗು ಬಂತು. ನೋವು ಹೋಗಲಿಲ್ಲ. ಹೆಂಡತಿ ಪಕ್ಕದ ಮನೆಯ ನಿವೃತ್ತ ನರ್ಸಮ್ಮನನ್ನು ಕರೆತಂದಳು. ನರ್ಸಮ್ಮ ಹೊಟ್ಟೆ ಮುಟ್ಟಿದ್ದೇ ತಡ, ಅವನು ಚೀರಿದ. ಹೊಟ್ಟೆ ಹಲಗೆಯಂತಾಗಿತ್ತು, ಮೈ ಸುಡುತ್ತಿತ್ತು.

"ಗ್ಯಾಸ್ ಆದ್ರೆ ಹೊರಗೆ ಹೋಗತ್ತೆ, ಹೋದ ಮೇಲೆ ಹಗುರಾಗತ್ತೆ. ಇದು ಏರ್ತಾನೇ ಇದೆ. ಚೀಟಿ ಎಲ್ಲಪ್ಪಾ?"

ಹುಡುಕಿದರೆ, ಚೀಟಿ ಒಂದು ಅಂಗಿ ಬಟ್ಟೆಗೆ ಗುಂಡುಪಿನ್ನಿನಲ್ಲಿ ಚುಚ್ಚಿಕೊಂಡಿತ್ತು. ಹಿಂದುಗಡೆ ಗಿರಾಕಿಯ ಎದೆ, ತೋಳು, ಕತ್ತಿನ ಅಳತೆ.

"ಊರವರ ಅಳತೆಯೆಲ್ಲ ಬರ್ಕೊಂಡಿದೀಯ. ತಿರುಗಿಸಿ ಓದಕ್ಕೆ ಏನಾಗಿತ್ತು ನಿಂಗೆ? 'ಕಡಿಮೆಯಾಗದ ನೋವು, ಜ್ವರ, ಗಟ್ಟಿಯಾದ ಹೊಟ್ಟೆ, ವಾಂತಿ, ಹೆಚ್ಚು ರಕ್ತ, ತಲೆಸುತ್ತು ಇದ್ದರೆ ಕೂಡಲೇ ಬನ್ನಿ.' ಕೂಡಲೇ ಅಂತ ದಪ್ಪಕ್ಷರದಲ್ಲಿ ಹಾಕಿದಾರೆ. ಬಾಯಿಗೆ ಇನ್ನೇನೂ ಹಾಕಬೇಡ. ಏಳು."

ಗಂಟು ತೆಗೆದ ಜಾಗದಲ್ಲಿ ಕರುಳು ತೂತಾಗಿತ್ತು. ಅಂದೇ ಆಪರೇಷನ್ ಆಯಿತು. ಇನ್ನೂ ತಡವಾಗಿದ್ದರೆ ಮೈಯೆಲ್ಲ ನಂಜೇರಿ ಜೀವಕ್ಕೇ ಕುತ್ತು ಬರುತ್ತಿತ್ತು ಎಂದರು ಡಾಕ್ಟರು.

ಮೂರನೆಯ ದಿನ ಅಣ್ಣ ವಾರ್ಡಿನಲ್ಲೇ ಕೂಗಾಡಿದ. "ಚೆನ್ನಾಗಿದ್ದವನಿಗೆ ತೂತು ಮಾಡಿ ಕಳಿಸಿದ್ರು. ನಾನಂತೂ ಸತ್ರೂ ಈ ಪರೀಕ್ಷೆ ಮಾಡಿಸಲ್ಲ."

ನರ್ಸಮ್ಮ ಬಿಡಲಿಲ್ಲ. "ನಾಲ್ಕು ತಿಂಗಳು ರಕ್ತ ಹೋಗೋನು ಚೆನ್ನಾಗಿದ್ದನಾ? ಆ ಗಂಟು ಬಿಟ್ಟಿದ್ರೆ ಮುಂದೆ ಕ್ಯಾನ್ಸರ್ ಆಗಬಹುದಿತ್ತು. ತೂತಾಗೋದು ಸಾವಿರಕ್ಕೆ ಒಬ್ಬರಿಗೋ ಏನೋ, ಗಂಟು ತೆಗೆದಾಗ ಸ್ವಲ್ಪ ಹೆಚ್ಚು. ಆಗೋದೇ ಇಲ್ಲ ಅಂತ ನಾನು ಸುಳ್ಳು ಹೇಳಲ್ಲ. ಆದಾಗ ಸೋಡಾ ಕುಡಿಸ್ತಾ ಕೂತಿದ್ದು ಯಾರು?"

ಅಣ್ಣ ಮಂಚದ ಪಕ್ಕ ಕೂತ. ಮೆಲ್ಲಗೆ ಕೇಳಿದ: "ಒಡಹುಟ್ಟಿದವರೂ ಒಂದ್ಸಲ ತೋರಿಸ್ಕೋಬೇಕು ಅಂದ್ರು ಡಾಕ್ಟ್ರು. ನಾನು ರಕ್ತ ತೆಳು ಮಾಡೋ ಮಾತ್ರೆ ತಗೋತೀನಲ್ಲ, ಪರೀಕ್ಷೆಗೆ ಅದರಿಂದ ತೊಂದರೆ ಆಗತ್ತಾ, ನರ್ಸಮ್ಮ?"

"ಮೊದಲು ಅದನ್ನೇ ಅವರಿಗೆ ಹೇಳು. ನೀನೇ ನಿಲ್ಲಿಸಕ್ಕೆ ಹೋಗಬೇಡ. ಅವರು ಹೇಳಿದ ಹಾಗೆ ಮಾಡು."

ಅಣ್ಣ ಎದ್ದು, ಡಾಕ್ಟರ ಕೋಣೆಯ ಮುಂದಿನ ಸಾಲಿನಲ್ಲಿ ನಿಂತ.

ನೀವೂ ಹೆದರಿ ಪರೀಕ್ಷೆ ತಪ್ಪಿಸಿಕೊಳ್ಳಬೇಡಿ. ಮಾಡಿಸಿಕೊಂಡ ದಿನ ಜೊತೆಗೊಬ್ಬರಿರಲಿ, ಮಂಪರು ಬರಿಸುವ ಮದ್ದು ಕೊಟ್ಟಿರುತ್ತಾರೆ, ಅಂದು ಗಾಡಿ ಓಡಿಸಬೇಡಿ. ಗಂಟು ತೆಗೆದಿದ್ದರೆ ಎರಡು ವಾರದವರೆಗೂ ರಕ್ತಸ್ರಾವ ಆಗಬಹುದು, ಗಮನವಿರಲಿ. ನೋವು ಏರಿದರೆ ಮನೆಮದ್ದು ಮಾಡುತ್ತ ಕೂರದೆ ಆಸ್ಪತ್ರೆಗೆ ಹೊರಡಿ. ಹೇಳಿಕೊಳ್ಳಲು ನಾಚಿಕೆ ಯಾಕೆ? ಕರುಳಿಲ್ಲದ ಮನುಷ್ಯ ಇಲ್ಲ.