ಒಂದು ಬೆರಳು ಇಳಿದ ಹೆಗಲು

ಸತ್ತವನ ಕೈಯನ್ನು ಕೋಟಿನ ಬಲತೋಳಿಗೆ ತೂರಿಸುವಷ್ಟರಲ್ಲಿ ಸೆಮಿನರಿಯ ಅಡುಗೆಯವನು ಬೆವತುಹೋದ.

“ಬದುಕಿದ್ದಾಗಲೂ ಅಣ್ಣ ಕೋಟು ಅಂದ್ರೆ ಹೀಗೇ ಸತಾಯಿಸ್ತಿದ್ದ. ಈಗಲೂ ಬಿಟ್ಟಿಲ್ಲ ನೋಡಿ ಅಕ್ಕಾ,” ಎಂದವನು, ಆಡಬಾರದ್ದು ಆಡಿದೆನೇನೋ ಎಂದು ನಾಲಿಗೆ ಕಚ್ಚಿಕೊಂಡ.

ಟೈಲರಮ್ಮನಿಗೆ ನಗುವೂ ಬರಲಿಲ್ಲ, ಅಳುವೂ ಬರಲಿಲ್ಲ. ಗಂಡನ ಕೋಟಿನ ಗುಂಡಿ ಹಾಕಿದಳು. ಕೆಳಗಿನ ಗುಂಡಿ ಸಡಿಲವಾಗಿತ್ತು. ಸೂಜಿ ತಂದು ಬಿಗಿ ಮಾಡಿ ದಾರವನ್ನು ಹಲ್ಲಲ್ಲಿ ಕಡಿದಳು. ಎಂಟು ವರ್ಷದ ಹಿಂದೆ ಅವಳೇ ಹೊಲಿದ ಕೋಟು, ಬಲಹೆಗಲನ್ನು ಎಡಕ್ಕಿಂತ ಒಂದು ಬೆರಳು ತಗ್ಗಿಸಿ. ಸೆಮಿನರಿಯ ಚಾಪೆಲ್ಲಿನ ಗಂಟೆಯ ಹಗ್ಗವನ್ನು ಮೂವತ್ತೆಂಟು ವರ್ಷ ಬಲಗೈಯಲ್ಲೇ ಎಳೆದು ಎಳೆದು ಅವನ ಆ ಹೆಗಲು ಇಳಿದುಹೋಗಿತ್ತು. ಪಾದ್ರಿಗಳಾಗಲು ಓದುವವರಿಗೆ ಅವನ ಹೆಸರೇ ತಿಳಿಯದು. ಎಲ್ಲರ ಬಾಯಲ್ಲೂ ಅವನು ಗಂಟೆಯಣ್ಣ. ಗುರುವಾರ ಸಂಜೆ ಆರರ ಗಂಟೆ ಹೊಡೆದು ಮೆಟ್ಟಿಲ ಮೇಲೆ ಕೂತವನು ಮತ್ತೆ ಏಳಲಿಲ್ಲ.

ಕೋಟಿನ ಬಲಹೆಗಲ ಮೇಲೆ ಒಂದು ಸುಕ್ಕು ಎದ್ದಿತ್ತು. ಸವರಿದಳು. ಮತ್ತೆ ಎದ್ದಿತು. ಮಲಗಿಸಿರುವುದರಿಂದ ಇರಬೇಕು ಅಂದುಕೊಂಡಳು.

ಈ ದಿನ ಶನಿವಾರ. ಹತ್ತು ಗಂಟೆಗೆ ಚಾಪೆಲ್ಲಿನಲ್ಲಿ ಸೆಮಿನರಿಯ ಹೊಸ ಅಧ್ಯಕ್ಷರ ಪದಗ್ರಹಣ. ನಾಲ್ಕು ಗಂಟೆಗೆ ಅಲ್ಲೇ ಗಂಟೆಯಣ್ಣನ ಕಡೆಯ ಪ್ರಾರ್ಥನೆ.

“ಎರಡಕ್ಕೂ ಅದೇ ಹೂವಂತೆ ಅತ್ತಿಗೆ,” ಎಂದಳು ನಾದಿನಿ, ಮೂಗೊರೆಸಿಕೊಳ್ಳುತ್ತ. “ನಮ್ಮಣ್ಣನಿಗೆ ಅಧ್ಯಕ್ಷರಿಗೆ ಇಟ್ಟು ಮಿಕ್ಕಿದ್ದು.”

“ಬೆಳಿಗ್ಗೆ ಇಟ್ಟಿದ್ದು ಸಂಜೆಗೂ ಇರತ್ತೆ, ಅಷ್ಟೆ.”

ಬಾಗಿಲಲ್ಲಿ ಆಫೀಸಿನ ಮೇಡಂ ನಿಂತಿದ್ದರು. ಕೈಯಲ್ಲಿ ಕಾರ್ಯಕ್ರಮದ ಹಾಳೆ, ಮುಖದಲ್ಲಿ ಸಂಕೋಚ. “ಟೈಲರಮ್ಮ, ಇಂಥ ಹೊತ್ತಲ್ಲಿ ಕೇಳಬಾರದು. ದೂರದಿಂದ ಬರೋರೆಲ್ಲ ಬಂದಾಗಿದೆ, ಮುಂದೆ ಹಾಕೋಕಾಗಲಿಲ್ಲ. ಅಧ್ಯಕ್ಷರ ನಿಲುವಂಗಿ...”

“ಒಳಗೆ ಮೊಳೇಲಿದೆ. ತಗೊಳ್ಳಿ.”

“ನಿನ್ನೆ ನಾನೇ ಇಸ್ತ್ರಿ ಹಾಕಿಟ್ಟಿದೀನಿ,” ಎಂದಳು ನಾದಿನಿ. “ಅತ್ತಿಗೆಗೆ ಎಲ್ಲಿ ಕೈ ಆಡತ್ತೆ?”

ಮೇಡಂ ನಿಲುವಂಗಿಯನ್ನು ಮಗುವಿನಂತೆ ತೋಳಿನ ಮೇಲೆ ಹೊತ್ತು ಹೋದರು.

*

ನಿಲುವಂಗಿ ಒಂದೇ. ಕಪ್ಪು ಉಣ್ಣೆಯದು, ಒಳಗೆ ಕೆಂಪು ಅಸ್ತರು. ಅಧ್ಯಕ್ಷರು ಬದಲಾದಾಗಲೆಲ್ಲ ಅದನ್ನು ಬಿಚ್ಚಿ ಹೊಲಿಯುವುದು ಟೈಲರಮ್ಮನ ಕೆಲಸ. ಬಂದು ನಿಂತು ಅಳತೆ ಕೊಡಲು ಅಧ್ಯಕ್ಷರಿಗೆ ಪುರುಸೊತ್ತೆಲ್ಲಿ? ಎತ್ತರ, ಎದೆಸುತ್ತು ಚೀಟಿಯಲ್ಲಿ ಬರುತ್ತಿತ್ತು. ಅವರ ಬದಲಿಗೆ ಗಂಟೆಯಣ್ಣ ಸ್ಟೂಲು ಹತ್ತುತ್ತಿದ್ದ. ಕುಳ್ಳಗಿದ್ದ ಅಧ್ಯಕ್ಷರಿಗಾಗಿ ಮೊಣಕಾಲು ಮಡಿಸಿ ನಿಂತಿದ್ದ. ದಪ್ಪಗಿದ್ದವರಿಗಾಗಿ ಹೊಟ್ಟೆಗೆ ದಿಂಬು ಕಟ್ಟಿಕೊಂಡಿದ್ದ. ನಿಂತ ಜಾಗ ತಪ್ಪಬಾರದೆಂದು ಅವಳು ಸ್ಟೂಲಿನ ಮೇಲೆ ಅವನ ಎರಡು ಪಾದಗಳ ಸುತ್ತ ಬಿಳಿ ಬಣ್ಣದ ಗೆರೆ ಎಳೆದಿದ್ದಳು.

ಈ ಬುಧವಾರವೂ ಅವನು ಅಲ್ಲಿ ನಿಂತಿದ್ದ. ಹೊಸಬರದೂ ಅವನದೂ ಒಂದೇ ಎತ್ತರ. ಮೊಣಕಾಲು ಮಡಿಸುವ ಕಷ್ಟವಿರಲಿಲ್ಲ.

“ಮೇಲಿಂದ ನೋಡಿದ್ರೆ ನಿನ್ನ ತಲೇಲಿ ಎಷ್ಟು ಬಿಳಿ ಕಾಣತ್ತೆ ಗೊತ್ತೇನೇ? ಅಧ್ಯಕ್ಷನ ಹೆಂಡತಿ ಹೀಗಿರಬಾರದಪ್ಪ.”

“ಅಲ್ಲಾಡಬೇಡ್ರೀ. ಪಿನ್ನು ಚುಚ್ಚಿದ್ರೆ ನನ್ನ ಕೇಳಬೇಡಿ.”

“ಅಧ್ಯಕ್ಷರ ಹತ್ರ ಹೀಗಾ ಮಾತಾಡೋದು? ನಿನ್ನ ಕೆಲಸದಿಂದ ತೆಗೆದು ಹಾಕಿದೀನಿ, ಹೋಗು.”

“ತೆಗೀರಿ. ಮೈತುಂಬ ಪಿನ್ನು ಇಟ್ಕೊಂಡೇ ಹೋಗಿ ಗಂಟೆ ಹೊಡೀರಿ.”

ಅವನು ಗಂಭೀರವಾಗಿ ಕೈಯೆತ್ತಿ ಹೊಲಿಗೆ ಯಂತ್ರವನ್ನು ಆಶೀರ್ವದಿಸಿದ್ದ. ಎತ್ತಿದ್ದು ಎಡಗೈ. ಬಲಗೈ ಯಾಕೆ ಎತ್ತಲಿಲ್ಲ ಎಂದು ಅವಳು ಕೇಳಲಿಲ್ಲ. ಅಷ್ಟರಲ್ಲಿ ಬಾಯಲ್ಲಿ ಮತ್ತೆ ಪಿನ್ನು ಕಚ್ಚಿಕೊಂಡಿದ್ದಳು.

ಅವಳ ಕ್ರಮ ಹೀಗೆ: ಮೊದಲು ಗಂಡನ ಮೈಗೆ ಸರಿಯಾಗಿ ಪೂರ್ತಿ ಹೊಲಿಯುವುದು; ಕೊನೆಗೆ ಬಲಹೆಗಲನ್ನು ಬಿಚ್ಚಿ ಒಂದು ಬೆರಳು ಎತ್ತಿ ಮತ್ತೆ ಹೊಲಿಯುವುದು. ಮರೆಯದಿರಲೆಂದು ಅಲ್ಲೊಂದು ಸೀಮೆಸುಣ್ಣದ ಗೆರೆ. ಗುರುವಾರ ಮಧ್ಯಾಹ್ನ ಗೆರೆ ಎಳೆದಿಟ್ಟಿದ್ದಳು. ಬಿಚ್ಚುವುದು ಶುಕ್ರವಾರ ಅಂದುಕೊಂಡಿದ್ದಳು.

*

“ಇಸ್ತ್ರಿ ಹಾಕುವಾಗ ಹೆಗಲ ಮೇಲೆ ಸುಣ್ಣದ ಗೆರೆ ಇತ್ತಾ?” ಎಂದು ಟೈಲರಮ್ಮ ಕೇಳಿದಾಗ ಒಂಬತ್ತೂಮುಕ್ಕಾಲು.

“ಇತ್ತು. ಏನೋ ಕೊಳೆ ಅಂತ ಒದ್ದೆಬಟ್ಟೇಲಿ ಒರೆಸಿಬಿಟ್ಟೆ. ಯಾಕೆ?”

“ಏನಿಲ್ಲ.”

ಹತ್ತಕ್ಕೆ ಯಾರೋ ಗಂಟೆ ಹೊಡೆದರು. ಏಟುಗಳು ಒಂದರ ಮೇಲೊಂದು ಬಿದ್ದವು. “ಯಾರದು, ಪಾತ್ರೆ ಬಡಿದ ಹಾಗೆ!” ಎಂದು ಅಡುಗೆಯವನು ಗೊಣಗಿದ. ಮನೆ ಚಾಪೆಲ್ಲಿನ ಬೆನ್ನಿಗೇ ಇತ್ತು. ಕಿಟಕಿಯಾಚೆ ಮೆರವಣಿಗೆ ಹೊರಟಿತ್ತು: ಮುಂದೆ ಹಾಡುವವರು, ಹಿಂದೆ ಅಧ್ಯಾಪಕರು, ಎಲ್ಲರಿಗಿಂತ ಹಿಂದೆ ಹೊಸ ಅಧ್ಯಕ್ಷರು. ಕಿಟಕಿ ದಾಟಿದ ಮೇಲೆ ಅವರ ಬೆನ್ನು ಕಂಡಿತು.

ಬಲಹೆಗಲು ಇಳಿದಿತ್ತು.

ಟೈಲರಮ್ಮ ಕಿಟಕಿಯ ಸರಳು ಹಿಡಿದಳು. ಚಾಪೆಲ್ಲಿನ ಕಡೆ ನಡೆದು ಹೋಗುತ್ತಿರುವ ಆ ಬೆನ್ನನ್ನು ಅವಳು ದಿನಕ್ಕೆ ಮೂರು ಸಲದಂತೆ ಮೂವತ್ತೆಂಟು ವರ್ಷ ಈ ಕಿಟಕಿಯಿಂದಲೇ ನೋಡಿದ್ದಳು. ತಿರುಗಿ ನೋಡಿದರೆ ಗಂಡ ಮೇಜಿನ ಮೇಲೆ ಕೋಟು ತೊಟ್ಟು ಮಲಗಿದ್ದ. ಮತ್ತೆ ಕಿಟಕಿಯತ್ತ ತಿರುಗುವಷ್ಟರಲ್ಲಿ ಆ ಬೆನ್ನು ಒಳಗೆ ಹೋಗಿಯಾಗಿತ್ತು.

ಮಧ್ಯಾಹ್ನ ಮೇಡಂ ಮತ್ತೆ ಬಂದರು. “ಬಲಗಡೆ ಸ್ವಲ್ಪ ಇಳಿದಿತ್ತು ಟೈಲರಮ್ಮ. ಅವರು ಮೇಲಕ್ಕೆ ಎಳ್ಕೊಂತಾನೇ ಇದ್ರು. ಸೋಮವಾರ ಗೋಡೆಗೆ ಹಾಕೋ ಫೋಟೋ ತೆಗೀತಾರೆ, ಅಷ್ಟರೊಳಗೆ...”

“ಮಾಡಿಕೊಡ್ತೀನಿ.”

“ನಿಮಗೆ ಆಗದಿದ್ರೆ ಪೇಟೇಲಿ ಕೊಡಿಸ್ತೀವಿ.”

“ಬೇಡ,” ಎಂದಳು ಟೈಲರಮ್ಮ, ತನಗೇ ಅಚ್ಚರಿಯಾಗುವಷ್ಟು ಗಟ್ಟಿಯಾಗಿ. “ಅದನ್ನ ಬೇರೆಯವರು ಬಿಚ್ಚಬಾರದು.”

ಮೇಡಂ ಹೋದಮೇಲೆ ನಾದಿನಿ ಸಿಡುಕಿದಳು. “ಮನೇಲಿ ಹೆಣ ಇಟ್ಕೊಂಡು ಅಂಗಿ ಮಾತು! ಬೇರೆ ಯಾರಾದ್ರೂ ಹೊಲೀಲಿ ಬಿಡಿ ಅತ್ತಿಗೆ. ಅದರಲ್ಲಿ ನಿಮಗೇನಿದೆ?”

ಟೈಲರಮ್ಮ ಗಂಡನ ಕೋಟಿನ ಕಡೆ ತಿರುಗಿದಳು. ಕೋಟು ಅವನ ಜತೆ ಮಣ್ಣಿಗೆ ಹೋಗುತ್ತದೆ. ಅವನು ನಿಂತಂತೆ ನಿಲ್ಲುವ ಬಟ್ಟೆ ಭೂಮಿಯ ಮೇಲೆ ಇನ್ನು ಆ ನಿಲುವಂಗಿಯೊಂದೇ. ಅದನ್ನು ನೆಟ್ಟಗೆ ಮಾಡಿ ಕೊಡಬೇಕು.

*

ನಾಲ್ಕಕ್ಕೆ ಪ್ರಾರ್ಥನೆ ನಡೆಸಿದವರು ಹೊಸ ಅಧ್ಯಕ್ಷರೇ. ಆ ಪದವಿಯಲ್ಲಿ ಅದು ಅವರ ಮೊದಲ ಕೆಲಸ. ನಿಲುವಂಗಿಯಲ್ಲೇ ಬಂದಿದ್ದರು. ಸತ್ತವನನ್ನು ಅವರು ಕಂಡವರಲ್ಲ. ಚೀಟಿ ನೋಡಿ ಹೆಸರು ಹೇಳಿದರು. ಆ ಹೆಸರು ಕೇಳಿ ಹಿಂದಿನ ಸಾಲಿನಲ್ಲಿ ಒಂದಿಬ್ಬರು, ಯಾರದು ಎಂಬಂತೆ ಮುಖ ಮುಖ ನೋಡಿಕೊಂಡರು.

ಪೆಟ್ಟಿಗೆ ಎತ್ತುವಾಗ ಒಬ್ಬ ಆಳು ಕಡಿಮೆ ಬಿತ್ತು.

“ನಾನು ಬರ್ತೀನಿ,” ಎಂದರು ಅಧ್ಯಕ್ಷರು. ನಿಲುವಂಗಿ ಕಾಲಿಗೆ ತೊಡರುತ್ತದೆಂದು ಕಳಚಿ ಸುತ್ತ ನೋಡಿದರು. ಹತ್ತಿರ ಇದ್ದವಳು ಟೈಲರಮ್ಮ. “ಸ್ವಲ್ಪ ಹಿಡ್ಕೊಳ್ತೀರಾ ಅಮ್ಮಾ?”

ಅವಳು ಕೈ ಚಾಚಿದಳು. ಉಣ್ಣೆ ಬೆಚ್ಚಗಿತ್ತು. ಬೆಳಿಗ್ಗೆಯಿಂದ ತಣ್ಣನೆಯದನ್ನೇ ಮುಟ್ಟಿದ್ದ ಅವಳ ಬೆರಳುಗಳಿಗೆ ಅದು ಏನೆಂದು ಮೊದಲು ತಿಳಿಯಲೇ ಇಲ್ಲ.

“ಬಲಗಡೆ ಇಳೀತಿದೆ, ಎತ್ತಿ!” ಎಂದ ಹಿಂದಿನಿಂದ ಅಡುಗೆಯವನು. ಪೆಟ್ಟಿಗೆ ಸಮನಾಯಿತು. ಸಮಾಧಿಯವರೆಗೂ ಟೈಲರಮ್ಮ ನಿಲುವಂಗಿಯನ್ನು ಎದೆಗಾನಿಸಿಕೊಂಡು ನಡೆದಳು. ತಲುಪುವಷ್ಟರಲ್ಲಿ ಅದೂ ತಣ್ಣಗಾಗಿತ್ತು.

ಎಲ್ಲ ಮುಗಿದ ಮೇಲೆ ಹಿಂದಿರುಗಿಸಲು ಹೋದಾಗ ಅಧ್ಯಕ್ಷರು, “ನಿಮ್ಮ ಹತ್ರಾನೇ ಇರಲಿ. ಸರಿ ಮಾಡೋದಿದೆ ಅಂದ್ರಲ್ಲ ಮೇಡಂ,” ಎಂದರು. ಅವರ ಅಂಗೈಗೆ ಹಸಿಮಣ್ಣು ಮೆತ್ತಿತ್ತು.

*

ಮನೆಗೆ ಬಂದು ನಿಲುವಂಗಿಯನ್ನು ಮೊಳೆಗೆ ತೂಗುಹಾಕಿದಳು. ಅದು ಬಲಕ್ಕೆ ವಾಲಿ, ಯಾರೋ ಕರೆದದ್ದಕ್ಕೆ ಓಗೊಟ್ಟಂತೆ ನಿಂತಿತು. ನಾದಿನಿ ಒಳಗೆ ಪಾತ್ರೆ ತೊಳೆಯುತ್ತಿದ್ದಳು.

ಟೈಲರಮ್ಮ ಅಭ್ಯಾಸದಂತೆ ಹೆಗಲಿನ ಇಳಿತಕ್ಕೆ ಒಂದು ಬೆರಳಿಟ್ಟಳು. ಬೆರಳು ಮುಗಿದ ಮೇಲೂ ಇಳಿತ ಮುಗಿದಿರಲಿಲ್ಲ. ಇನ್ನೊಂದು ಬೆರಳಿಟ್ಟಳು. ಸರಿಹೋಯಿತು.

ಎರಡು ಬೆರಳು.

ಬುಧವಾರ ಪಿನ್ನು ಚುಚ್ಚಿದವಳು ತಾನೇ, ಅವನ ಹೆಗಲಿದ್ದ ಹಾಗೇ. ಯಾವ ವರ್ಷ ಇಳಿಯಿತು ಇನ್ನೊಂದು ಬೆರಳು? ಎಷ್ಟು ನೋಯುತ್ತಿತ್ತು? ಬೆಳಿಗ್ಗೆ ಸವರಿದಷ್ಟೂ ಎದ್ದ ಸುಕ್ಕು ನೆನಪಾಯಿತು. ಎತ್ತಿದ ಎಡಗೈ ನೆನಪಾಯಿತು.

ಅಳತೆಯ ಪುಸ್ತಕ ತೆಗೆದು, ಅವನ ಪುಟದಲ್ಲಿ ‘ಬಲಹೆಗಲು ಒಂದು ಬೆರಳು’ ಎಂಬುದನ್ನು ಹೊಡೆದುಹಾಕಿ ‘ಎರಡು’ ಎಂದು ಬರೆದಳು. ಆಮೇಲೆ ಬ್ಲೇಡು ತೆಗೆದುಕೊಂಡಳು.

ಗಡಿಯಾರ ಆರು ತೋರಿಸಿದಾಗ ಕೈ ತಾನಾಗಿ ನಿಂತಿತು, ಗಂಟೆ ಹೊಡೆದು ಮುಗಿಯಲಿ ಎಂಬಂತೆ. ಹೊರಗೆ ಯಾವ ಸದ್ದೂ ಬರಲಿಲ್ಲ. ಸ್ವಲ್ಪ ಹೊತ್ತು ಕಾದು, ಮೊದಲ ಹೊಲಿಗೆ ಕತ್ತರಿಸಿದಳು.

ನಾದಿನಿ ಕೈ ಒರೆಸಿಕೊಳ್ಳುತ್ತ ಬಂದಾಗ ಹೆಗಲು ಹೊಲಿದಾಗಿತ್ತು. ಮೊಳೆಯಲ್ಲಿ ನಿಲುವಂಗಿ ಎರಡೂ ಹೆಗಲು ಸಮನಾಗಿ, ನೆಟ್ಟಗೆ ತೂಗುತ್ತಿತ್ತು. ಅದರ ಅಂಚಿನ ಕೆಳಗೆ ಸ್ಟೂಲು. ಸ್ಟೂಲಿನ ಮೇಲೆ ಬಿಳಿ ಗೆರೆಯ ಎರಡು ಪಾದ, ಬಿಚ್ಚಿದ ಕಪ್ಪು ದಾರದ ಚೂರುಗಳು.