ಸ್ಪ್ಯಾಮಿಗೆ ಬಿದ್ದ ಆನೆಗಳು

ಶಾಂಭವಿಗೆ ಸಾಕುಸಾಕಾಗಿತ್ತು. ಪೊನ್ನಂಪೇಟೆಯ ಬೆಳೆಗಾರರ ಸಂಘದಲ್ಲಿ ಅವಳ ಕೆಲಸ ಕೇಳುವುದಕ್ಕೇನೋ ಸಲೀಸು: ಆನೆ ಯಾವ ಎಸ್ಟೇಟಿಗೆ ನುಗ್ಗಿದೆಯೆಂದು ಅರಣ್ಯದ ವಾಚರ್ ಫೋನ್ ಮಾಡಿದ ಕೂಡಲೇ ಎಲ್ಲ ಎಸ್ಟೇಟುಗಳಿಗೂ ಇಮೇಲ್ ಕಳಿಸುವುದು. ವಾಟ್ಸಾಪ್ ಗುಂಪು ಗುಡ್ ಮಾರ್ನಿಂಗ್ ಹೂವುಗಳಲ್ಲಿ ಮುಳುಗಿಹೋಗಿತ್ತಲ್ಲ, ಅದಕ್ಕೇ ಈ ಏರ್ಪಾಡು. ಆದರೆ ಯಾವನೋ ಪುಣ್ಯಾತ್ಮ ಸಂಘದ ವಿಳಾಸದ ಹೆಸರಲ್ಲೇ ಊರಿಗೆಲ್ಲ ಲಾಟರಿ ಮೇಲ್ ಹಂಚಿಬಿಟ್ಟ. ಅಂದಿನಿಂದ ಸಂಘದ ಮೇಲ್ ಎಂದರೆ ಸರ್ವರ್‌ಗಳಿಗೆಲ್ಲ ಅನುಮಾನ, ಬಂದದ್ದನ್ನೆಲ್ಲ ಸ್ಪ್ಯಾಮ್ ಎಂಬ ಕಸದ ಡಬ್ಬಿಗೆ ತಳ್ಳುತ್ತಿದ್ದವು.

ಮೇಲ್ ನಮ್ಮಲ್ಲಿಂದಲೇ ಹೊರಟದ್ದು ಎಂದು ಪ್ರತಿಯೊಂದಕ್ಕೂ ಡಿಜಿಟಲ್ ರುಜು ಬೀಳುವಂತೆ ಮಾಡಲು ಅವಳು ವಾರಗಟ್ಟಲೆ ತಲೆ ಕೆಡಿಸಿಕೊಂಡಳು. ನಿನ್ನೆ ಎಲ್ಲ ಪರೀಕ್ಷೆಯೂ ಪಾಸಾಗಿತ್ತು. ಇವತ್ತು ಬೆಳಿಗ್ಗೆ ಶ್ರೀಮಂಗಲದ ಕಡೆಯ ಎಸ್ಟೇಟೊಂದರಲ್ಲಿ ಆನೆ ನಿಂತಿದೆಯೆಂದು ಕಳಿಸಿದ ಮೇಲ್ ಮತ್ತೆ ಸ್ಪ್ಯಾಮಿಗೇ ಹೋಗಿತ್ತು. ರುಜುವೇನೋ ಸರಿಯಿತ್ತು, ಓದಬೇಕಾದವರೇ ಸ್ಪ್ಯಾಮ್ ಎಂದು ಗುಂಡಿ ಒತ್ತಿದ್ದರು. ಅಷ್ಟು ಜನ ಒತ್ತಿದರೆ ಸರ್ವರ್ ತಾನೇ ಏನು ಮಾಡೀತು? ಹಾಳಾಗಿ ಹೋಗಲಿ ಅನಿಸಿತು. ಆದರೂ ಇದು ಪಿಕ್ಕಿಂಗ್ ಕಾಲ, ಕಾಫಿ ಹಣ್ಣು ಕೀಳುವ ಆಳುಗಳು ತೋಟದ ತುಂಬ ಇರುತ್ತಾರೆ. ಮನಸ್ಸು ತಡೆಯದೆ ಆ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ದೀಪಕ್‌ಗೆ ಫೋನ್ ಮಾಡಿದಳು.

"ರೈಟರೇ, ಮೇಲ್ ನೋಡಿದ್ರಾ? ನಿಮ್ಮ ಕೆರೆ ಬ್ಲಾಕಲ್ಲಿ ಆನೆ ಇದೆ, ಜೊತೆಗೆ ಮರೀನೂ ಇದೆ."

"ಅಯ್ಯೋ ಮೇಡಂ, ನಿಮ್ ಮೇಲ್ ನಮಗೆಲ್ಲಿ ಕಾಣುತ್ತೆ? ಬೆಳಗಾದ್ರೆ ಆನೆ ಆನೆ ಅಂತೀರ. ನಾನೇ ಸ್ಪ್ಯಾಮ್ ಅಂತ ಒತ್ಬಿಟ್ಟೆ. ಇಲ್ಲಿ ರೈಟರ್‌ಗಳೆಲ್ಲ ಹಂಗೇ ಮಾಡವ್ರೆ." ತಟ್ಟನೆ ಅವನ ದನಿ ಇಳಿಯಿತು. "ಕೆರೆ ಬ್ಲಾಕಾ? ನಮ್ ಕೆಲಸದ ದೊಡ್ಡಿ, ಅವಳ ಜೊತೆ ಇನ್ನೊಂದಷ್ಟು ಹೆಂಗಸರು ಈಗ ಅಲ್ಲಿಗೇ ಹಣ್ಣು ಕೀಳಕ್ಕೆ ಹೋದ್ರಲ್ಲ!"

ಫೋನ್ ಇಡಲೂ ಅವನಿಗೆ ಪುರುಸೊತ್ತಾಗಲಿಲ್ಲ. ಬೈಕ್ ಸದ್ದು ಕೇಳಿತು. ಆಮೇಲೆ "ದೊಡ್ಡೀ, ವಾಪಸ್ ಬಾ!" ಎಂಬ ಕೂಗು, ಆನೆ ಘೀಳಿಟ್ಟದ್ದು, ಹೆಂಗಸರ ಚೀರಾಟ. ಶಾಂಭವಿ ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಅವನನ್ನು ಬೈಯುವಷ್ಟು ಸಿಟ್ಟೂ ಅವಳಲ್ಲಿ ಉಳಿದಿರಲಿಲ್ಲ.

"ಎಲ್ರೂ ಬಂದ್ರು ಮೇಡಂ," ದೀಪಕ್ ಏದುಸಿರು ಬಿಡುತ್ತಿದ್ದ. "ದೊಡ್ಡಿ ಓಡೋವಾಗ ಬಿದ್ಲು. ಮಂಡಿ ತರಚಿದೆ, ಅಷ್ಟೇ."

ಶಾಂಭವಿ ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟಳು. ದೀಪಕ್‌ಗೆ ಪಾಪ ಅನಿಸಿತೇನೋ, ಸುಧಾರಿಸಿಕೊಂಡು ಹೇಳಿದ:

"ಒಂದ್ ಮಾತು ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ದಿನಾ ದಿನಾ ಕಳಿಸ್ಬೇಡಿ. ಆನೆ ಬಂದಾಗ ಮಾತ್ರ ಕಳ್ಸಿ, ಎಲ್ರೂ ನೋಡ್ತಾರೆ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಆನೆ ಬಂದಾಗ ಮಾತ್ರಾನೇ ಕಳಿಸ್ತಿರೋದು, ರೈಟರೇ," ಎಂದಳು.