ಫೇಲಾದರೆ ಸಿಗುವ ಸೀಟು

ಅಜ್ಜಿಗೆ ಮೊಮ್ಮಗಳ ಈ ಪರೀಕ್ಷೆಯ ತಲೆಬುಡವೇ ಅರ್ಥವಾಗಿರಲಿಲ್ಲ. ಅರ್ಧ ಆಯುಸ್ಸನ್ನು ಇಸ್ತ್ರಿ ಅಂಗಡಿಯಲ್ಲಿ ಕಳೆದವಳು ಅವಳು. ಸುಕ್ಕು ಕಂಡರೆ ತೆಗೆಯಬೇಕು ಅನ್ನುವುದಷ್ಟೇ ಅವಳಿಗೆ ಗೊತ್ತು. ಮಗಳು ಮಾತ್ರ ಎದುರಿನ ಮೇಜಿನಲ್ಲಿ ಯಾರದೋ ಅಂಗಿಯ ಕಾಲರ್ ತಿಕ್ಕುತ್ತ ಮತ್ತೆ ಮತ್ತೆ ಅದನ್ನೇ ಹೇಳುತ್ತಿದ್ದಳು.

"ಅಮ್ಮಾ, ಅವಳಿಗೆ ಏನೂ ಕಲಿಸ್ಬೇಡ. ಹೇಗಿದಾಳೋ ಹಾಗೇ ಕರ್ಕೊಂಡು ಹೋಗೋಣ. ಚೆನ್ನಾಗಿ ಉತ್ತರ ಹೇಳಿದ್ರೆ ಸೀಟು ಸಿಗಲ್ಲ."

"ಊರಿಗೊಂದು ದಾರಿಯಾದ್ರೆ ನಿನಗೊಂದು ದಾರಿ! ಫೇಲಾದೋರಿಗೆ ಸೀಟು ಕೊಡೋ ಶಾಲೆ ಎಲ್ಲಾದ್ರೂ ಇದೆಯೇನೇ?"

ಇತ್ತು. ರೈಲುಹಳಿಯ ಆಚೆ ಬದಿಗೆ, ತರಗತಿಗೆ ಬೆರಳೆಣಿಕೆಯ ಮಕ್ಕಳು, ಗಂಟೆ ಬಾರಿಸದೆ ಹಸಿರು ದೀಪ ಹೊತ್ತಿಸಿ ಊಟಕ್ಕೆ ಬಿಡುವ ಶಾಲೆ. ಅಲ್ಲಿ ಒಂದೇ ಒಂದು ಜಾಗ ಖಾಲಿಯಿತ್ತು. ಅದು ಮೊಮ್ಮಗಳಿಗೆ ಸಿಗಬೇಕಾದರೆ, ಇವಳಿಗೆ ಮಾಮೂಲಿ ಶಾಲೆ ಆಗಿಬರುವುದಿಲ್ಲ ಎಂದು ಶಿಕ್ಷಣ ಕಚೇರಿಯ ಪರೀಕ್ಷಕಿ ಒಪ್ಪಬೇಕಿತ್ತು.

ಮೊಮ್ಮಗಳಿಗೆ ಎಂಟು ವರ್ಷ. ಎಲ್ಲರೂ ಕರೆಯುವುದು ಮಹಾರಾಣಿ ಎಂದು. ಕರೆದಾಗ ತಿರುಗಿ ನೋಡುವುದು ಬಿಡುವುದು ಅವಳ ಮರ್ಜಿ. ಮಾಮೂಲಿ ಶಾಲೆಯಲ್ಲಿ ವರ್ಷವೆಲ್ಲ ಕಿವಿ ಮುಚ್ಚಿಕೊಂಡು ಬೆಂಚಿನ ಕೆಳಗೇ ಕೂತಿದ್ದಳು. ಒಂದು ದಿನ ಯಾರೋ ಕಾಲು ಹಿಡಿದು ಎಳೆದರು, ಇವಳು ಕಚ್ಚಿದಳು. ಅಂದಿನಿಂದ ಇಸ್ತ್ರಿ ಅಂಗಡಿಯೇ ಅವಳ ಶಾಲೆ.

ಮಗಳ ಮಾತಿಗೆ ಅಜ್ಜಿ ಹೂಂ ಅಂದಳು. ಹೂಂ ಅಂದದ್ದನ್ನು ಮಾಡುವ ಅಭ್ಯಾಸ ಅವಳಿಗಿರಲಿಲ್ಲ. ಪಕ್ಕದ ಚಪ್ಪಲಿ ಅಂಗಡಿಯವನ ಮಗನನ್ನು ಇದೇ ಪರೀಕ್ಷಕಿ ನೋಡಿದ್ದಳು. ಎಲ್ಲ ಮಕ್ಕಳಿಗೂ ಅವೇ ಪ್ರಶ್ನೆ, ಅದೇ ಕ್ರಮದಲ್ಲಿ ಕೇಳುತ್ತಾಳೆ, ತೋರಿಸುವ ಚೌಕ ಕೆಂಪು, ಎತ್ತುವ ಬೆರಳು ಮೂರು ಎಂದು ಆ ಅಂಗಡಿಯವನು ಹೇಳಿದ. ಇನ್ನೇನು ಬೇಕು? ಮಗಳು ಬಟ್ಟೆ ತಲುಪಿಸಲು ಹೋದಾಗಲೆಲ್ಲ ಮಡಿಸಿದ ಬಟ್ಟೆಗಳ ರಾಶಿಯ ನಡುವೆ ಗುಟ್ಟಾಗಿ ಪಾಠ ನಡೆಯಿತು. ಹೆಸರೇನು? ಮಹಾರಾಣಿ. ವಯಸ್ಸೆಷ್ಟು? ಎಂಟು. ಯಾರ ಜೊತೆ ಬಂದೆ? ಅಮ್ಮ. ಯಾವ ಬಣ್ಣ? ಕೆಂಪು. ಎಷ್ಟು ಬೆರಳು? ಮೂರು.

ಐದೂ ಉತ್ತರ ಒಟ್ಟಿಗೆ ಬಂದ ದಿನ ಅಜ್ಜಿಗೆ ಸ್ವರ್ಗಕ್ಕೆ ಮೂರೇ ಗೇಣು. 'ಬೇಕು', 'ಬೇಡ' ಬಿಟ್ಟು ಬೇರೆ ಮಾತೇ ಆಡದ ಹುಡುಗಿ ಇವಳು! ಒಮ್ಮೆ ಮಾತ್ರ ಅಜ್ಜಿ, ಕೈಗೆ ಸಿಕ್ಕ ಟವೆಲ್ ಎತ್ತಿ ಹಿಡಿದು, ಬಣ್ಣದ ಪ್ರಶ್ನೆಯನ್ನೇ ಮೊದಲು ಕೇಳಿಬಿಟ್ಟಳು. "ಮಹಾರಾಣಿ" ಎಂಬ ಉತ್ತರ ಬಂತು. ಅಜ್ಜಿ ಟವೆಲ್ ಮಡಚಿಟ್ಟಳು. "ನಂದೇ ತಪ್ಪು, ಮೊದಲಿಂದ ಶುರು ಮಾಡೋಣ" ಎಂದು ಅದನ್ನು ಅಲ್ಲಿಗೇ ಮರೆತಳು. ಮರೆಯಬೇಕೆಂದೇ ಮರೆತಳು.

ಪರೀಕ್ಷೆಯ ದಿನ ಕಚೇರಿಯ ಓಣಿಯಂಥ ಕೋಣೆಯ ಹೊರಗೆ ಇನ್ನೂ ಎಷ್ಟೋ ಮಕ್ಕಳು ಕಾಯುತ್ತಿದ್ದರು. ಪರೀಕ್ಷಕಿ ಚಪ್ಪಲಿ ಬಿಟ್ಟು ನೆಲದ ಮೇಲೆ ಮಹಾರಾಣಿಯ ಎದುರೇ ಕೂತು ಪ್ರಶ್ನೆ ಶುರುಮಾಡಿದಳು. ಮಹಾರಾಣಿ ಫ್ರಾಕಿನ ಅಂಚು ಉಜ್ಜುತ್ತ, ಗೋಡೆ ನೋಡುತ್ತ, ಐದಕ್ಕೂ ಪಟಪಟನೆ ಹೇಳಿದಳು. ಅಜ್ಜಿ ಉಬ್ಬಿಹೋದಳು.

"ಜಾಣೆ!" ಎಂದಳು ಪರೀಕ್ಷಕಿ. "ನಿಮ್ಮ ಅರ್ಜಿ ಓದಿ ನಾನು ಬೇರೇನೇ ಅಂದ್ಕೊಂಡಿದ್ದೆ. ಇವಳಿಗೆ ಮಾಮೂಲಿ ಶಾಲೆ ಸಾಕು. ಆ ಸೀಟು ಹೊರಗಡೆ ಕೂತಿರೋ ಬೇರೆ ಮಗುಗೆ ಬೇಕಾಗುತ್ತೆ."

ಮಗಳು ತಾಯಿಯ ಕಡೆ ತಿರುಗಿದಳು. "ಅಮ್ಮಾ, ಏನು ಮಾಡಿಟ್ಟೆ? ಮತ್ತೆ ಆ ಬೆಂಚಿನ ಕೆಳಗೇ ಹೋಗ್ಬೇಕಲ್ಲ ಅವಳು."

ಅಜ್ಜಿಗೆ ತಾನು ಗೆದ್ದೆನೋ ಸೋತೆನೋ ತಿಳಿಯಲಿಲ್ಲ. ಇವಳನ್ನು ಜಾಣೆ ಎಂದವರು ಇವತ್ತಿನವರೆಗೆ ಯಾರೂ ಇರಲಿಲ್ಲ. ಬಾಯಿ ಮುಚ್ಚಿಕೊಂಡರೆ ಮೊಮ್ಮಗಳು ಜಾಣೆಯಾಗಿಯೇ ಉಳಿಯುತ್ತಾಳೆ, ಬೆಂಚಿನ ಕೆಳಗೆ. ಬಾಯಿ ಬಿಟ್ಟರೆ ಅವಳ ಮಾನವನ್ನು ಅಜ್ಜಿಯೇ ಕಳೆದಂತೆ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಆ ಟವೆಲಿನ ಸಂಗತಿ ಸುಳ್ಳಾಗಿರಲಿ ಎಂದು ಅವಳು ಮನಸ್ಸಿನಲ್ಲೇ ಬೇಡಿಕೊಂಡಳು. ನಿಜವಾಗಿರಲಿ ಎಂದೂ ಬೇಡಿಕೊಂಡಳು.

"ಮೇಡಂ," ಎಂದಳು ಕೊನೆಗೆ, "ನಾನೇ ಬಾಯಿಪಾಠ ಮಾಡ್ಸಿದ್ದು. ಒಂದ್ಸಲ ಹಿಂದುಮುಂದು ಮಾಡಿ ಕೇಳಿ."

ಪರೀಕ್ಷಕಿ ನೀಲಿ ಚೌಕ ಎತ್ತಿಕೊಂಡಳು.

"ಇದು ಯಾವ ಬಣ್ಣ?"

"ಮಹಾರಾಣಿ."

"ಎಷ್ಟು ಬೆರಳು?" ಎಂದು ಎರಡು ಬೆರಳೆತ್ತಿದಳು.

"ಎಂಟು."

"ನಿನ್ನ ಹೆಸರೇನು?"

"ಅಮ್ಮ."

"ವಯಸ್ಸೆಷ್ಟು ಪುಟ್ಟಾ?"

"ಕೆಂಪು."

"ಸಾಕು ಮೇಡಂ," ಎಂದಳು ಅಜ್ಜಿ. ಯಾರೂ ಕೇಳದಿದ್ದರೂ ಮಹಾರಾಣಿ "ಮೂರು" ಎಂದು ಮುಗಿಸಿದಳು.

ಪರೀಕ್ಷಕಿ ಬರೆದದ್ದನ್ನು ಹೊಡೆದುಹಾಕಿ ಹೊಸದಾಗಿ ಬರೆದಳು. ಸೀಟು ಇವಳಿಗೇ, ಬರುವ ಸೋಮವಾರದಿಂದಲೇ ಕಳಿಸಿ ಎಂದಳು. ಮಗಳು ಅಳುತ್ತ ನಗುತ್ತ ಪರೀಕ್ಷಕಿಯ ಎರಡೂ ಕೈ ಹಿಡಿದುಕೊಂಡಳು. ಒಳ್ಳೆಯದೇ ಆಯಿತು ಎಂದು ಅಜ್ಜಿಗೂ ಗೊತ್ತಿತ್ತು. ಆದರೂ ಅವಳು ಮೊಮ್ಮಗಳ ಫ್ರಾಕಿನ ಸುಕ್ಕನ್ನು ಅಂಗೈಯಿಂದ ತೀಡುತ್ತಲೇ ಇದ್ದಳು.

ಬಸ್ ನಿಲ್ದಾಣದ ಕಲ್ಲುಬೆಂಚಿನಲ್ಲಿ ಮೂವರೂ ಕೂತರು. ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡಳು.

"ವಾರವೆಲ್ಲ ಅವಳು ನನ್ನ ಜೊತೆ ಮಾತಾಡ್ತಿದಾಳೆ ಅಂದ್ಕೊಂಡಿದ್ದೆ ಕಣೆ."

"ನನ್ನ ಹತ್ರ ಅವಳು ಒಂದು ನಿಮಿಷ ಕೂರಲ್ಲ," ಎಂದಳು ಮಗಳು. "ನಿನ್ನ ಹತ್ರ ದಿನಾ ಕೂತಿದಾಳೆ."

"ಬಿಸ್ಕತ್ತಿನ ಆಸೆಗೆ ಕೂತಿದ್ಲು ಬಿಡು. ಉತ್ತರಕ್ಕೊಂದು ಕೊಡ್ತಿದ್ದೆ."

"ಬಿಸ್ಕತ್ತು ನಾನೂ ಕೊಟ್ಟು ನೋಡಿದೀನಮ್ಮಾ."

ಅಜ್ಜಿ ಮೊಮ್ಮಗಳ ಕಡೆ ನೋಡಿದಳು. ಮಹಾರಾಣಿ ರಸ್ತೆ ನೋಡುತ್ತಿದ್ದಳು.